ಮೂರನೇ ತರಗತಿಯಲ್ಲಿ ಭಾಗಾಕಾರ ನಿಂತ ವಿಚಾರ

ಪೈವಳಿಕೆ ಕಡೆಯ ಒಂದು ಕನ್ನಡ ಶಾಲೆಯ ಮೂರನೇ ತರಗತಿಯಲ್ಲಿ ಕಳೆದ ಜುಲೈಯಿಂದ ಭಾಗಾಕಾರ ನಿಷಿದ್ಧವಾಗಿದೆ.

ಶಿಕ್ಷಣ ಕಚೇರಿಯ ಆದೇಶ ತಲುಪುವಾಗ ಮೂರನೇ ಬಿ ತರಗತಿಯ ದಮಯಂತಿ ಟೀಚರು ಹನ್ನೆರಡು ಹುಣಸೆಬೀಜಗಳನ್ನು ಮೂವರು ಮಕ್ಕಳಿಗೆ ಹಂಚಿಸುತ್ತಿದ್ದರು. 'ಮೂರನೇ ತರಗತಿಯಲ್ಲಿ ಭಾಗಾಕಾರವನ್ನು ತಕ್ಷಣದಿಂದ ಸ್ಥಗಿತಗೊಳಿಸತಕ್ಕದ್ದು. ತಪ್ಪಿದಲ್ಲಿ ಮುಖ್ಯೋಪಾಧ್ಯಾಯರೇ ಹೊಣೆ' ಎಂದಿತ್ತು. ಟೀಚರು ಬೀಜಗಳನ್ನು ಡಬ್ಬಿಗೆ ತುಂಬಿ ಮುಖ್ಯೋಪಾಧ್ಯಾಯ ನಿಸಾಮುದ್ದೀನ್ ಮಾಸ್ಟ್ರ ಬಳಿಗೆ ಹೋದರು.

"ಮೇಲಿನಿಂದ ಬಂದ ಮಲಯಾಳದ ಮೂಲ ಆದೇಶದಲ್ಲಿ ಡಿವಿಷನ್ ಅಂತ ಉಂಟು ಟೀಚರೇ," ಎಂದರು ಮಾಸ್ಟ್ರು ತಗ್ಗಿದ ದನಿಯಲ್ಲಿ. "ಎ ಡಿವಿಷನ್, ಬಿ ಡಿವಿಷನ್ ಅಂತೇವಲ್ಲ, ಅದು. ಮಕ್ಕಳು ಕಮ್ಮಿಯಾದ ಕಾರಣ ನಿಮ್ಮ ಬಿ ತೆಗೆಯಲಿಕ್ಕೆ ಹೇಳಿದ್ದು. ಕನ್ನಡಕ್ಕೆ ತರ್ಜುಮೆ ಮಾಡಿದವರು ಲೆಕ್ಕದ ಡಿವಿಷನ್ ಅಂತ ಗ್ರಹಿಸಿದ್ದಾರೆ."

"ಹಾಗಾದರೆ ನನ್ನ ಕೆಲಸ?"

"ತಪ್ಪಾಗಿದೆ ಅಂತ ನಾನು ಬರೆದರೆ ನಿಮ್ಮ ಕೆಲಸ ಹೋಗ್ತದೆ. ಬರೆಯದಿದ್ದರೆ ಭಾಗಾಕಾರ ಹೋಗ್ತದೆ. ನೀವೇ ಹೇಳಿ."

ಟೀಚರಿಗೆ ಕೆಲಸ ಬೇಕಿತ್ತು; ಬರೆಯುವುದು ಬೇಡ ಎಂದರು. ಭಾಗಾಕಾರ ಬಾರದ ಮಕ್ಕಳನ್ನು ನಾಲ್ಕನೆಯದಕ್ಕೆ ಕಳಿಸಲೂ ಮನಸ್ಸು ಒಪ್ಪಲಿಲ್ಲ. ಒಂದು ಬೆಳಿಗ್ಗೆ ಮಗ್ಗಿ ಹೇಳಿಸುವಾಗ ದಾರಿ ಹೊಳೆಯಿತು. "ಮೂರು ಎಷ್ಟ್ಲ ಹನ್ನೆರಡು?" ಎಂದು ಕೇಳಿದರು. ಮಕ್ಕಳು ಬೀಜಗಳನ್ನು ಮೂರು ಪಾಲು ಮಾಡಿ, ಒಂದು ಪಾಲನ್ನು ಎಣಿಸಿ, "ಮೂರು ನಾಲ್ಕ್ಲ ಹನ್ನೆರಡು" ಎಂದು ರಾಗ ಎಳೆದವು.

"ಹದಿಮೂರು ಇದ್ದರೆ ಟೀಚರ್?" ಎಂದಳು ಮುಂದಿನ ಬೆಂಚಿನ ಶಿಬಿಲಾ.

"ಒಂದು ಉಳೀತದೆ. ಬದಿಗೆ ಇಡು. ಉಳಿದದ್ದರ ಬಗ್ಗೆ ಆದೇಶ ಎಂತದೂ ಬಂದಿಲ್ಲ."

ತಪಾಸಣೆಗೆ ಬಂದ ಅಧಿಕಾರಿ ಬೀಜದ ಪಾಲುಗಳನ್ನು ಕಂಡು ಹುಬ್ಬು ಗಂಟಿಕ್ಕಿದರು. "ಇಲ್ಲಿ ಎಂತ ಮಾಡುವುದು?"

ಶಿಬಿಲಾ ಎದ್ದು ನಿಂತಳು. "ಗುಣಾಕಾರ ಸರ್. ಹಿಂದಿನಿಂದ."

ಅಧಿಕಾರಿ ಆದೇಶವನ್ನು ಮತ್ತೊಮ್ಮೆ ಓದಿದರು. "ಹಿಂದಿನಿಂದ ಮಾಡಬಾರದು ಅಂತ ಇದರಲ್ಲಿ ಇಲ್ಲ," ಎಂದು ಒಪ್ಪಿ, 'ಡಿವಿಷನ್ ಸಂಪೂರ್ಣ ನಿಂತಿದೆ' ಎಂದು ಮಲಯಾಳದಲ್ಲಿ ಷರಾ ಬರೆದು ಸಹಿ ಹಾಕಿದರು. ಮೇಲಿನ ಕಚೇರಿಯವರು ಅದನ್ನು ಓದಿ, ಮೂರನೇ ಬಿ ಮುಚ್ಚಿತೆಂದು ತಿಳಿದು ಕಡತ ಮುಗಿಸಿದರು. ಟೀಚರಿಗೆ ಸಂಬಳ ಬರುತ್ತಲೇ ಇದೆ. ಇಲ್ಲದ ತರಗತಿಯ ಸಂಬಳ ನಿಲ್ಲಿಸಲು ಪ್ರತ್ಯೇಕ ಆದೇಶ ಬೇಕಂತೆ.

ಈ ವರ್ಷ 'ಹಿಮ್ಮುಖ ಗುಣಾಕಾರ'ದ ಬಗ್ಗೆ ಸುತ್ತಲಿನ ಶಾಲೆಗಳ ಅಧ್ಯಾಪಕರಿಗೆ ತರಬೇತಿ ನಡೆಯಿತು. ಪಾಠ ಮಾಡಿದ್ದು ದಮಯಂತಿ ಟೀಚರೇ. ಬಂದವರಲ್ಲಿ ಹೆಚ್ಚಿನವರು ಮಕ್ಕಳು ಕಮ್ಮಿಯಾದ ಬಿ ಡಿವಿಷನ್ನಿನವರು. ಗಣಿತದಲ್ಲಿ ಯಾರಿಗೂ ಸಂಶಯ ಇರಲಿಲ್ಲ. ತರ್ಜುಮೆಯವರು ಈಗಲೂ ಅದೇ ಕಚೇರಿಯಲ್ಲಿ ಇದ್ದಾರಾ ಎಂದು ಮಾತ್ರ ಕೇಳಿದರು.

"ಅವರಿಗೆ ಪ್ರಮೋಷನ್ ಆಯಿತು," ಎಂದರು ಟೀಚರು. "ಈಗ ಜಿಲ್ಲೆಯ ಎಲ್ಲ ಆದೇಶದ ತರ್ಜುಮೆಯೂ ಅವರದ್ದೇ."

ಎಲ್ಲರೂ ನೆಮ್ಮದಿಯಿಂದ ಚಹಾಕ್ಕೆ ಎದ್ದರು.