ಹೈಸಾ ನಿಷೇಧ

ಗಾಂಭೀರ್ಯವೆಂಬುದು ಅಧಿಕಾರದ ಜೊತೆಗೆ ದೊರೆಯುವ ಉಡುಪೆಂದು ನಂಬಿದವರು ಇರುವವರೆಗೆ ನಮ್ಮಂಥವರಿಗೆ ನಗುವಿನ ಕೊರತೆಯಾಗದು. ಅರವತ್ತರ ದಶಕದ ಆರಂಭದಲ್ಲಿ ದಾಂಡೇಲಿಯಲ್ಲಿ ಮರದ ದಿಮ್ಮಿ ಪೇರಿಸುವ ಒಂದು ನಾಟಾ ಡಿಪೋದಲ್ಲಿ ನಾನು ಗುಮಾಸ್ತನಾಗಿದ್ದಾಗ, ಅಂಥ ಮಹನೀಯರೊಬ್ಬರು ನಮಗೆ ಸಾಹೇಬರಾಗಿ ದೊರೆತರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹುಬ್ಬಿನ ಗಂಟು ಮಾತ್ರ ಕಾಯಂ ಆಗಿತ್ತು.

೧. ಮೌನಾಜ್ಞೆ

ಡಿಪೋದಲ್ಲಿ ದಿಮ್ಮಿ ಎಳೆಯುವ ಕ್ರಮ ಹೀಗಿತ್ತು: ಆಳುಗಳ ಮೇಲಿನ ಮುಕಾದಮ, ಹಳಿಯಾಳದವನು, ಆಗಿಂದಾಗಲೇ ಒಂದು ಲೇವಡಿಯ ಸಾಲು ಕಟ್ಟಿ ಕೂಗುವನು; ಹಗ್ಗ ಹಿಡಿದ ಆಳುಗಳು ನಗುತ್ತ ‘ಹೈಸಾ’ ಎಂದು ಒಮ್ಮೆಲೇ ಜಗ್ಗುವರು. ಯಾರ ಮೀಸೆ, ಯಾರ ಅತ್ತೆ, ಯಾರ ಸೈಕಲ್ಲು ಆ ಸಾಲಿಗೆ ಸಿಕ್ಕುವುದೆಂದು ಮೊದಲೇ ಹೇಳುವಂತಿರಲಿಲ್ಲ. ಸಾಹೇಬರು ಕಾಲಿಟ್ಟ ದಿನ ಅವರ ಕಿರುಗುಟ್ಟುವ ಬೂಟು ಸಿಕ್ಕಿತು. ಕೆಲಸದ ಸ್ಥಳದಲ್ಲಿ ವಿನೋದ ಕೂಡದೆಂದು ಅವರು ಅಂದೇ ಅಪ್ಪಣೆ ಹೊರಡಿಸಿದರು.

ಮರುದಿನ ಆಳುಗಳು ಹೆಣ ಎತ್ತಲು ಬಂದವರಂತೆ ಹಗ್ಗ ಹಿಡಿದರು. ಒಬ್ಬನು ಜಗ್ಗುವಾಗ ಮತ್ತೊಬ್ಬನು ಬೆವರು ಒರೆಸಿಕೊಳ್ಳುತ್ತಿದ್ದನು. ಮಧ್ಯಾಹ್ನದ ಹೊತ್ತಿಗೆ ಡಿಪೋದಲ್ಲಿ ಶಿಸ್ತು ಅಚಲವಾಗಿ ನೆಲೆಗೊಂಡಿತು. ದಿಮ್ಮಿಯೂ ಅಷ್ಟೇ ಅಚಲವಾಗಿ ನೆಲೆಗೊಂಡಿತು.

೨. ಸಭ್ಯವಾದ ಹಾಡು

ರೈಲಿನ ವ್ಯಾಗನ್ನುಗಳು ಬರಿದಾಗಿ ನಿಂತವು. ಸುದ್ದಿ ಮೇಲಕ್ಕೆ ಹೋದರೆ ನೌಕರಿ ಕಾಯಂ ಆಗುವ ಆಸೆ ಕೈಬಿಡಬೇಕಾದೀತೆಂದು ಸಾಹೇಬರಿಗೆ ಹೊಳೆಯಿತು. ಹಾಡಬಹುದು, ಆದರೆ ಗೌರವಪೂರ್ವಕವಾಗಿ ಹಾಡತಕ್ಕದ್ದೆಂದು ಅವರು ತಿದ್ದುಪಡಿ ಮಾಡಿದರು. ಮುಕಾದಮನು ಗಂಟಲು ಸರಿಪಡಿಸಿಕೊಂಡು ‘ಸನ್ಮಾನ್ಯ ಸಾಹೇಬರು ಬಂದಾರ್ರೀ’ ಎಂದು ಕೂಗಿದನು. ಆಳುಗಳೆಲ್ಲ ಹಗ್ಗ ಬಿಟ್ಟು ಕೈಮುಗಿದರು. ಹಗ್ಗವನ್ನೇಕೆ ಬಿಟ್ಟಿರೆಂದು ಸಾಹೇಬರು ಗದರಿದಾಗ ಮುಕಾದಮನೆಂದನು:

“ನಿಮ್ಮ ಹೆಸರು ತಗೊಂಡ ಮ್ಯಾಲ ಕೈ ಮುಗೀಲಿಲ್ಲಂದ್ರ ಹೆಂಗ್ರೀ ಸಾಹೇಬರ?”

೩. ನನ್ನ ಕಂದಪದ್ಯ

ಆಗ ಅವರಿಗೆ, ಬಿಡುವಿನಲ್ಲಿ ಹಳಗನ್ನಡ ಪದ್ಯ ಹೊಸೆಯುತ್ತಿದ್ದ ನನ್ನ ಪಾಂಡಿತ್ಯದ ನೆನಪಾಯಿತು. ವಿನೋದದ ಸೋಂಕಿಲ್ಲದ ಒಂದು ಪದ್ಯ ಬೇಕೆಂದರು. ಸಾಗವಾನಿಯನ್ನು ದಿಗ್ಗಜಕ್ಕೆ ಹೋಲಿಸಿ ನಾನೊಂದು ಕಂದವನ್ನು ರಚಿಸಿದೆನು. ಮಾತ್ರೆಗಳಲ್ಲಿ ಲೋಪವಿರಲಿಲ್ಲ, ಪ್ರಾಸವು ಎಲ್ಲಿಯೂ ಎಡವಿರಲಿಲ್ಲ. ನಾನೇ ನಿಂತು ಓದಿದೆನು. ಎರಡನೆಯ ಪಾದಕ್ಕೆ ಆಳುಗಳು ಕುಕ್ಕರುಗಾಲಿನಲ್ಲಿ ಕುಳಿತರು. ನಾಲ್ಕನೆಯ ಪಾದಕ್ಕೆ ಬೀಡಿ ಹಚ್ಚಿದರು. ಭಾವಾರ್ಥವನ್ನೂ ವಿವರಿಸಿದೆನು. ಜೋಯಿಡಾ ಕಡೆಯ ಆಳೊಬ್ಬನು ಬಹಳ ವಿನಯದಿಂದ ಕೇಳಿದನು:

“ಭಾಳ ಚಂದ ಐತ್ರೀ ಪಂಡಿತರ. ಆದ್ರ ಇದರಾಗ ಹಗ್ಗ ಎಲ್ಲಿ ಜಗ್ಗೂದ್ರೀ?”

೪. ಬಾಗಿಲಿಗೆ ಅಡ್ಡ

ಕೊನೆಗೆ ದೊಡ್ಡ ಸಾಹೇಬರೇ ತಪಾಸಣೆಗೆ ಬಂದರು. ನಮ್ಮ ಸಾಹೇಬರನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಅವರ ಒಂದು ಮಾತಿನಲ್ಲಿತ್ತು. ಅಂದು ಬೆಳಿಗ್ಗೆ ಲಾರಿಯಿಂದ ಇಳಿಸಿದ ಮಹಾ ಸಾಗವಾನಿ ದಿಮ್ಮಿಯೊಂದು ಡಿಪೋದ ಬಾಗಿಲಿಗೆ ಅಡ್ಡಲಾಗಿ ಬಿದ್ದಿತ್ತು. ಅದರಾಚೆ ದೊಡ್ಡ ಸಾಹೇಬರ ಜೀಪು ನಿಂತು ಹಾರ್ನ್ ಬಾರಿಸತೊಡಗಿತು.

ನಮ್ಮ ಸಾಹೇಬರು ಮುಕಾದಮನ ಬಳಿಗೆ ಓಡಿ, ಬೇಕಾದರೆ ತಮ್ಮ ಮೇಲೆಯೇ ಹಾಡು, ಬೂಟಿನ ಮೇಲೆಯೇ ಹಾಡು ಎಂದು ಅಂಗಲಾಚಿದರು. ಮುಕಾದಮನು ದಿಮ್ಮಿಯನ್ನು ಒಂದು ಸುತ್ತು ಹಾಕಿ ಬಂದು ಆಗದೆಂದು ತಲೆಯಾಡಿಸಿದನು.

“ನಿಮ್ಮ ಮ್ಯಾಲ ಹಾಡಿದ್ರ ಸಣ್ಣ ತುಂಡು ಸರೀತಾವ್ರೀ. ಇದು ದೊಡ್ಡ ದಿಮ್ಮಿ, ಇದಕ್ಕ ದೊಡ್ಡ ಸಾಹೇಬರ ಬೇಕು. ನಾ ಹೆಂಡ್ತಿ ಮಕ್ಕಳು ಇದ್ದಾಂವ, ನನಗ ಆಗೂದಿಲ್ಲ. ನೀವ ಸಾಲು ಹೇಳ್ರಿ.”

ಹಾರ್ನ್ ಮತ್ತೆ ಕೂಗಿತು. ಸಾಹೇಬರು ಕಣ್ಣು ಮುಚ್ಚಿ, ಹಗ್ಗ ಹಿಡಿದು ಕೂಗಿದರು:

“ಜೀಪಿಗಿಂತ ಮೊದಲ ಬಂತೋ ಹೊಟ್ಟಿ!”

“ಹೈಸಾ!”

“ಹಿಂದಿಂದ ಬಂದ್ರೋ ದೊಡ್ಡ ಸಾಹೇಬ್ರು!”

“ಹೈಸಾ!”

ದಿಮ್ಮಿ ಎತ್ತು ಎದ್ದು ಹೊರಟಂತೆ ಹೊರಟಿತು. ಅರ್ಧ ಬಾಗಿಲು ತೆರವಾಯಿತು. ಅಷ್ಟರಲ್ಲಿ ದೊಡ್ಡ ಸಾಹೇಬರು ಜೀಪಿನಿಂದ ಇಳಿದರು. ಹೊಟ್ಟೆ ನಿಜಕ್ಕೂ ಮೊದಲು ಇಳಿಯಿತು. ಎಲ್ಲರೂ ನಿಂತಲ್ಲೇ ಕಲ್ಲಾದರು. ನಮ್ಮ ಸಾಹೇಬರ ಕೈಯಲ್ಲಿ ಹಗ್ಗ ಇನ್ನೂ ಇತ್ತು, ಮುಖದಲ್ಲಿ ರಕ್ತವಿರಲಿಲ್ಲ. ದೊಡ್ಡ ಸಾಹೇಬರು ಕೋಟನ್ನು ಕಳಚಿ ನನ್ನ ಕೈಗಿತ್ತು, ಅಂಗಿಯ ತೋಳು ಮಡಚಿ ತಾವೂ ಹಗ್ಗಕ್ಕೆ ಕೈಹಚ್ಚಿ, ಮುಂದಿನ ಸಾಲು ಯಾವುದೆಂದು ಕೇಳಿದರು. ನಮ್ಮ ಸಾಹೇಬರು ತಡವರಿಸುತ್ತ, ಇನ್ನೊಂದು ಸಾಲು ತಮಗೆ ಬಾರದೆಂದರು.

ದೊಡ್ಡ ಸಾಹೇಬರು ನಿಟ್ಟುಸಿರಿಟ್ಟು ನುಡಿದರು:

“ಎರಡ ಸಾಲಿಗೆ ಮುಗಿದ್ರ ನಿಮ್ಮನ್ನ ಕಾಯಂ ಹೆಂಗ ಮಾಡೂದ್ರೀ?”