ಮ್ಯಾಂಚೆಸ್ಟರಿಗೆ ಪ್ರಸ್ಥಾನ

ಒಂದು ದೇಶವನ್ನು ಕಣ್ಣಾರೆ ನೋಡಿ ಬಂದವರಿಂದ ಆ ದೇಶದ ವಿಚಾರ ತಿಳಿದುಕೊಳ್ಳುವುದು ಬಹಳ ಕಷ್ಟ. ಇದು ನನ್ನ ಅನುಭವದ ಮಾತು. ಅವರನ್ನು ಕೇಳಿ ನೋಡಿ, 'ವಿಪರೀತ ಚಳಿ ಕಣ್ರೀ' ಅನ್ನುತ್ತಾರೆ, ಇಲ್ಲವೇ 'ಕಾಫಿ ಬಾಯಿಗಿಡೋ ಹಾಗಿಲ್ಲ' ಅನ್ನುತ್ತಾರೆ. ಅಲ್ಲಿಗೆ ಇಂಗ್ಲೆಂಡ್ ಮುಗಿಯಿತು. ನೋಡದವನಿಗೆ ಈ ತೊಂದರೆಯಿಲ್ಲ. ಅವನಿಗೆ ಅಲ್ಲಿ ನೆಗಡಿಯಾಗಿಲ್ಲ, ಹೊಟ್ಟೆ ಕೆಟ್ಟಿಲ್ಲ, ಪೆಟ್ಟಿಗೆ ಕಳೆದಿಲ್ಲ. ಆದ್ದರಿಂದ ಇಂಗ್ಲೆಂಡಿನ ವಿಷಯವಾಗಿ ಸಮಾಧಾನದಿಂದ ಮಾತಾಡಬಲ್ಲ ಮನುಷ್ಯ ಈ ಯಶವಂತಪುರದಲ್ಲಿ ಯಾರಾದರೂ ಇದ್ದರೆ ಅದು ನಾನೇ ಎಂದು ಧೈರ್ಯವಾಗಿ ಹೇಳುತ್ತೇನೆ. ನಾನು ಇಂಗ್ಲೆಂಡ್ ನೋಡಿಲ್ಲ. ಸಮುದ್ರವನ್ನೂ ನೋಡಿಲ್ಲ. ನಾನು ಕಂಡಿರುವ ದೊಡ್ಡ ನೀರೆಂದರೆ ಹೆಸರಘಟ್ಟದ ಕೆರೆ, ಅದೂ ನಾನು ಹೋದ ವರ್ಷ ಅರ್ಧವೇ ತುಂಬಿತ್ತು.

ಆದರೂ ಜನ ನನ್ನನ್ನು ಲಂಡನ್ ಶಾಮಣ್ಣ ಎಂದೇ ಕರೆಯುತ್ತಿದ್ದರು. ದಂಡು ಪ್ರದೇಶದ ಒಂದು ಸಣ್ಣ ಟ್ರಾವೆಲ್ ಕಚೇರಿಯಲ್ಲಿ ನನಗೆ ಕೆಲಸ. ಹೊರದೇಶಕ್ಕೆ ಹೋಗುವವರಿಗೆ ಹಡಗಿನ ಟಿಕೆಟ್ಟು, ಪಾಸ್‌ಪೋರ್ಟು, ಸಿಡುಬಿನ ಚುಚ್ಚುಮದ್ದಿನ ಕಾಗದ ಎಲ್ಲ ಹೊಂದಿಸಿಕೊಡಬೇಕು. ಸಂಬಳ ಅಷ್ಟಕ್ಕೇ ಕೊಡುತ್ತಿದ್ದರು. ಉಳಿದದ್ದು ನನ್ನ ಉತ್ಸಾಹ. ಟಿಕೆಟ್ಟು ಕೈಗೆ ಕೊಟ್ಟು 'ಹೋಗಿ ಬನ್ನಿ' ಎಂದುಬಿಟ್ಟರೆ ನನಗೆ ಆ ದಿನ ಊಟ ಸೇರುತ್ತಿರಲಿಲ್ಲ. ಲಂಡನ್ನಿನ ನಕ್ಷೆ ಬಿಡಿಸಿ, ಬೆರಳಿಟ್ಟು, 'ಸ್ಟೇಷನ್ನಿನಿಂದ ಹೊರಗೆ ಬನ್ನಿ, ಎಡಕ್ಕೆ ತಿರುಗಿ, ನೇರ ಹೋಗಿ. ತಿಳಿಯದಿದ್ದರೆ ಪೊಲೀಸಿನವರನ್ನು ಕೇಳಿ, ಬಹಳ ಸಭ್ಯರು' ಎಂದು ಹೇಳಿದಾಗಲೇ ಸಮಾಧಾನ. ಲಂಡನ್ನಿನಲ್ಲಿ ಎಡಕ್ಕೆ ತಿರುಗಿದರೆ ಸಾಮಾನ್ಯವಾಗಿ ಏನಾದರೊಂದು ಸಿಗುತ್ತದೆ. ಒಮ್ಮೆ ಮಲ್ಲೇಶ್ವರದ ಮೇಷ್ಟರೊಬ್ಬರಿಗೆ, ಇಂಗ್ಲಿಷರು ರೈಲಿನಲ್ಲಿ ಅಪರಿಚಿತರೊಡನೆ ಮಾತಾಡುವುದಿಲ್ಲ, ನೀವೂ ಆಡಬೇಡಿ ಎಂದು ಒತ್ತಿ ಒತ್ತಿ ಹೇಳಿ ಕಳಿಸಿದ್ದೆ. ಪಾಪ, ಇಳಿಯಬೇಕಾದ ಊರು ಯಾವುದೆಂದು ಪಕ್ಕದವರನ್ನು ಕೇಳದೆ ಸ್ಕಾಟ್‌ಲೆಂಡಿನವರೆಗೂ ಹೋದರಂತೆ. ಅಲ್ಲಿನ ಬೆಟ್ಟಗಳು ಬಹಳ ಚೆನ್ನಾಗಿದ್ದವೆಂದು ತಿರುಗಿ ಬಂದು ನನಗೇ ಧನ್ಯವಾದ ಹೇಳಿದರು.

ಇಂಥ ನನ್ನ ಹತ್ತಿರ ಒಂದು ದಿನ ಹೆಬ್ಬಾಳದ ಮುನಿಶಾಮಪ್ಪನವರು ಹೆಂಡತಿ ಕೆಂಪಮ್ಮನನ್ನು ಕರೆದುಕೊಂಡು ಬಂದರು. ಕೆರೆಯ ಕೆಳಗೆ ತರಕಾರಿ, ದ್ರಾಕ್ಷಿ ಬೆಳೆಯುವ ಕುಳ. ಅವರ ಒಬ್ಬಳೇ ಮಗಳು ಸರೋಜ ಮ್ಯಾಂಚೆಸ್ಟರಿನಲ್ಲಿದ್ದಳು. ಅಳಿಯ ಅಲ್ಲಿ ಬಟ್ಟೆ ಗಿರಣಿಯ ಕೆಲಸ ಕಲಿಯುತ್ತಿದ್ದ. ಸರೋಜ ಈಗ ಬಸುರಿ.

"ಚೊಚ್ಚಲ ಬಾಣಂತನ ತವರಲ್ಲೇ ಆಗ್ಬೇಕು ಸಾಮಿ," ಎಂದರು ಮುನಿಶಾಮಪ್ಪ. "ಮಗ್ಳು ಇಲ್ಲೀಗಂಟ ಬರಕಾಗಲ್ಲ. ಅದ್ಕೇ ತವರನ್ನೇ ಅಲ್ಲೀಗೆ ಕಳಿಸ್ಬುಡಾನ ಅಂತ."

ತವರು ಎಂದರೆ ಕೆಂಪಮ್ಮ. ಐವತ್ತರ ಹತ್ತಿರದ ಹೆಂಗಸು, ಕಚೇರಿಯ ಕುರ್ಚಿಯ ತುದಿಯಲ್ಲಿ ಕೂತು ನನ್ನನ್ನು ಒಂದೇ ಮಾತು ಕೇಳಿದರು: "ಎರಿಗೆಗೆ ಮುಂಚೆ ನಾನಲ್ಲಿ ಇರ್ತೀನಾ?"

"ಖಂಡಿತ ಇರ್ತೀರಿ," ಎಂದೆ. ಹಡಗಿನ ಪ್ರಯಾಣ ಕಳೆದೂ ಸಾಕಷ್ಟು ದಿನ ಮಿಕ್ಕುತ್ತಿತ್ತು. ಒಂದು ಇಂಗ್ಲಿಷ್ ಅಕ್ಷರ ಬಾರದ, ಯಲಹಂಕದ ಆಚೆ ಕಾಲಿಡದ ಈ ತಾಯಿಯನ್ನು ಮ್ಯಾಂಚೆಸ್ಟರಿಗೆ ಮುಟ್ಟಿಸುವ ಭಾಗ್ಯ ಬೇರೆ ಯಾವ ಟ್ರಾವೆಲ್ ಗುಮಾಸ್ತನಿಗಿದೆ? ನನ್ನ ಉತ್ಸಾಹ ಉಕ್ಕಿತು. ರಜೆಯ ದಿನಗಳಲ್ಲಿ ಸೈಕಲ್ ತುಳಿದುಕೊಂಡು ಹೆಬ್ಬಾಳಕ್ಕೇ ಹೋಗಿ ಪಾಠ ಶುರುಮಾಡಿದೆ. ಹಡಗು ಹತ್ತುವ ಅಭ್ಯಾಸಕ್ಕೆ ತೋಟದ ಕಾಲುವೆಯ ಮೇಲೆ ಹಲಗೆ ಹಾಕಿಸಿದೆ. ಕೆಂಪಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಸಲೀಸಾಗಿ ದಾಟಿದರು. ತೋರಿಸಿಕೊಡಲು ಹೋದ ನಾನು ಕಾಲುವೆಗೆ ಬಿದ್ದೆ. ಮುಳ್ಳುಚಮಚದಲ್ಲಿ ತಿನ್ನುವುದನ್ನೂ ಕಲಿಸಿದೆ. ಅವರು ಮುಳ್ಳುಚಮಚವನ್ನು ರಾಗಿಮುದ್ದೆಗೆ ಚುಚ್ಚಿ, ಇಡೀ ಮುದ್ದೆಯನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಇದ್ನ ಈಗ ಎಂಗೆ ನುಂಗದು ಸಾಮಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನಾನು ಮುಳ್ಳುಚಮಚ ಪಕ್ಕಕ್ಕಿಟ್ಟು ಕೊಡೆ ಬಿಡಿಸುವ ಪಾಠಕ್ಕೆ ಹೋದೆ.

ಎಲ್ಲ ಸರಿಹೋಗುತ್ತಿರುವಾಗ ಹೆಬ್ಬಾಳದ ಜೋಯಿಸರು ಪಂಚಾಂಗ ತೆಗೆದರು. ಬೊಂಬಾಯಿಯ ರೈಲು ಹತ್ತಬೇಕಾದ ದಿನ ಪ್ರಯಾಣಕ್ಕೆ ಕೂಡದು. ಅದಕ್ಕೆ ನಾಲ್ಕಾರು ದಿನ ಮುಂಚಿನ ಗುರುವಾರ ಪ್ರಶಸ್ತ. ಇದಕ್ಕೆ ನಮ್ಮಲ್ಲಿ ಪರಿಹಾರ ಇದ್ದೇ ಇದೆ, ಪ್ರಸ್ಥಾನ ಇಡುವುದು. ಒಳ್ಳೆಯ ಗಳಿಗೆಯಲ್ಲಿ ನಮ್ಮ ಒಂದು ಗಂಟನ್ನು ಮನೆಯಿಂದ ಹೊರಡಿಸಿ, ಹೋಗುವ ದಾರಿಯಲ್ಲಿ ಯಾರದಾದರೂ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಆಮೇಲೆ ನಾವು ಯಾವ ದಿನ ಹೊರಟರೂ ಗಂಟು ತೆಗೆದುಕೊಂಡು ಮುಂದಕ್ಕೆ ಹೋಗಬಹುದು. ಪೂನಾ ಮೇಲ್ ಯಶವಂತಪುರದಲ್ಲಿ ನಿಲ್ಲುತ್ತಿತ್ತು; ಸ್ಟೇಷನ್ನಿನ ಹಿಂದೆಯೇ ನಮ್ಮ ಮನೆ. ನಾನು ಸುಮ್ಮನಿರುತ್ತೇನೆಯೇ? "ನಮ್ಮನೇಲೇ ಇಡಿ!" ಎಂದುಬಿಟ್ಟೆ. ಅಷ್ಟಕ್ಕೂ ಬಿಡಲಿಲ್ಲ. "ಬರೀ ಗಂಟು ಯಾಕೆ, ಪೆಟ್ಟಿಗೆ ಎಲ್ಲಾ ತನ್ನಿ, ಕಟ್ಟಿರೋದು ಸರಿಯಾಗಿದೆಯೋ ನೋಡ್ತೀನಿ. ಕೆಂಪಮ್ಮನೋರೇ, ನೀವೂ ಬಂದ್ಬಿಡಿ, ಒಂದ್ಸಲ ದಾರಿ ಅಭ್ಯಾಸ ಆಗುತ್ತೆ."

ಗುರುವಾರ ಎತ್ತಿನ ಗಾಡಿ ನಮ್ಮ ಮನೆಯ ಮುಂದೆ ನಿಂತಿತು. ರಾಗಿಹಿಟ್ಟು, ಬೆಳ್ಳುಳ್ಳಿ, ಒಣಶುಂಠಿ, ಹರಳೆಣ್ಣೆ, ಸಾಂಬ್ರಾಣಿ, ಕೂಸಿಗೆ ಬಜೆಬೇರು, ಹಳೆಯ ಮೆತ್ತನೆ ಸೀರೆಗಳು, ಮುದ್ದೆ ತಿರುವುವ ಕೋಲು ಎಲ್ಲ ಇಳಿದವು. ಕೆಂಪಮ್ಮ ಗಂಟು ಕಂಕುಳಲ್ಲಿಟ್ಟುಕೊಂಡು ಬಲಗಾಲಿಟ್ಟು ಒಳಗೆ ಬಂದರು. ಅದೇ ಮಧ್ಯಾಹ್ನ ಕಚೇರಿಗೆ ತಂತಿ ಬಂತು: ಹಡಗಿನ ಯಂತ್ರ ಕೆಟ್ಟಿದೆ, ಹೊರಡುವ ದಿನ ಮುಂದೆ ತಿಳಿಸಲಾಗುವುದು.

ಮುನಿಶಾಮಪ್ಪ ಜೋಯಿಸರ ಹತ್ತಿರ ಓಡಿದರು. ಗಂಟು ಮಾತ್ರ ಹೋಗಿದ್ದರೆ ಚಿಂತೆಯಿರಲಿಲ್ಲ, ಗಂಟಿನ ಜೊತೆ ಆಕೆಯೇ ಹೊರಟುಬಿಟ್ಟಿದ್ದಾರೆ. ಈಗ ಮನೆಗೆ ಹಿಂತಿರುಗಿದರೆ ಪ್ರಯಾಣ ಮುರಿದ ಹಾಗೆ, ಬಾಣಂತಿಯ ವಿಷಯ ಬೇರೆ, ಎಂದರಂತೆ ಅವರು. ಹೀಗೆ ಮ್ಯಾಂಚೆಸ್ಟರಿಗೆ ಹೊರಟ ಕೆಂಪಮ್ಮ ಯಶವಂತಪುರದಲ್ಲಿ, ನನ್ನ ಎರಡು ಕೋಣೆಯ ಮನೆಯಲ್ಲಿ ಬಿಡಾರ ಹೂಡಿದರು. ಮುನಿಶಾಮಪ್ಪ ದಿನ ಬೆಳಗ್ಗೆ ತರಕಾರಿ ತಂದು, ಬೇಲಿಯ ಆಚೆ ನಿಂತು, ದೂರದೇಶದಲ್ಲಿರುವ ಹೆಂಡತಿಯೊಡನೆ ಮಾತಾಡುವವರಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು. "ಚಂದಾಗಿದ್ದೀಯೇನಮ್ಮೀ? ಊಟ ಒಗ್ತದಾ?" ಹಸು ಕರು ಹಾಕಿದ ಸುದ್ದಿಯನ್ನೂ ಹೀಗೆ ಕೂಗಿಯೇ ಹೇಳಿದರು.

ನನ್ನ ಹೆಂಡತಿ ಶಾರದ ಮೊದಲ ದಿನ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ನನ್ನನ್ನು ಕೇಳುವವರೇ ಇರಲಿಲ್ಲ. ಶಾರದಳಿಗೆ ಎಳವೆಯಲ್ಲೇ ತಾಯಿ ತೀರಿಕೊಂಡಿದ್ದರು. ಕೆಂಪಮ್ಮ ಅವಳ ತಲೆಗೆ ಹರಳೆಣ್ಣೆ ತಟ್ಟಿ, ಬೆನ್ನು ನೀವಿ, ಬಿಸಿನೀರು ಹಾಕುತ್ತಿದ್ದರು. ಇಬ್ಬರೂ ಅಡುಗೆಮನೆಯಲ್ಲಿ ಪಿಸುಗುಟ್ಟುವುದು, ನಾನು ಹೋದರೆ ಸುಮ್ಮನಾಗುವುದು. ನಾನು ಸಂಜೆ ನಕ್ಷೆ ಬಿಡಿಸಿ ಟ್ರಫಾಲ್ಗರ್ ಚೌಕಕ್ಕೆ ದಾರಿ ಹೇಳಿದರೆ ಕೆಂಪಮ್ಮ, "ಅಲ್ಲಿ ಬಚ್ಚಲ ಒಲೆ ಎಂಗಿರ್ತದೆ ಸಾಮಿ? ಬಾಣಂತಿಗೆ ನೀರು ಎಲ್ ಕಾಸ್ತಾರೆ?" ಎಂದು ಕೇಳುತ್ತಿದ್ದರು. ನಾನು ಬಕಿಂಗ್‌ಹ್ಯಾಮ್ ಅರಮನೆಯ ಕಡೆಗೆ ಮಾತು ತಿರುಗಿಸುತ್ತಿದ್ದೆ.

ದಿನಗಳು ಸರಿದವು, ಹಡಗು ಕದಲಲಿಲ್ಲ. ಒಂದು ಸಂಜೆ ಕೆಂಪಮ್ಮ ನಕ್ಷೆಯನ್ನು ತಾವೇ ಮಡಿಸಿಟ್ಟು, "ನಿಜ ಯೋಳಿ. ಮಗ್ಳು ಒಂಟಿಯಾಗಿ ಎರ್ತಾಳಾ?" ಎಂದರು. ಧ್ವನಿ ಎತ್ತಿರಲಿಲ್ಲ. ಖಂಡಿತ ಇರ್ತೀರಿ ಎಂದು ಹೇಳಿದವನು ನಾನು. ಈ ತಾಯಿ ನಂಬಿಕೊಂಡು ಕೂತಿದ್ದದ್ದು ಆ ಮಾತನ್ನು. ಮಾರನೆಯ ಬೆಳಗ್ಗೆ ಬೇಲಿಯ ಹತ್ತಿರ ಮುನಿಶಾಮಪ್ಪನವರಿಗೆ ವಿಮಾನದ ಮಾತು ತೆಗೆದೆ. ಅವರು ಆಕಾಶ ನೋಡಿದರು, ಹೆಂಡತಿಯನ್ನು ನೋಡಿದರು. "ಈ ಸಲ ದ್ರಾಕ್ಷಿ ಕೈ ಇಡ್ದದೆ. ಹಾರ್ಲಿ ಬುಡಿ," ಎಂದರು.

ನಾನು ಬೊಂಬಾಯಿಗೆ ತಂತಿಯ ಮೇಲೆ ತಂತಿ ಕೊಟ್ಟು, ನಮ್ಮ ಯಜಮಾನರನ್ನು ಕಾಡಿ, ಒಂದು ಸೀಟು ಗಿಟ್ಟಿಸಿದೆ. ವಾಪಸು ಬರುವುದಕ್ಕೂ ಹಡಗಿನ ಏರ್ಪಾಟು ಮಾಡಬೇಕಿತ್ತು. ವಸಂತಕಾಲದಲ್ಲಿ ಇಂಗ್ಲೆಂಡ್ ಬಹಳ ಸೊಗಸು, ಅದನ್ನು ನೋಡಿಕೊಂಡೇ ಬನ್ನಿ ಎಂದೆ. "ಯುಗಾದಿಗೆ ಮುಂಚೆ ನಾನು ಇಲ್ಲಿರ್ಬೇಕು," ಎಂದರು ಕೆಂಪಮ್ಮ. ಎಷ್ಟು ಹೇಳಿದರೂ ಕೇಳಲಿಲ್ಲ. ತೋಟದ ಚಿಂತೆ ಇರಬೇಕೆಂದು ನಾನು ಒಪ್ಪಿಕೊಂಡೆ. ಶಾರದ ಯಾಕೋ ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

ಇನ್ನೊಂದು ತೊಡಕು ಉಳಿದಿತ್ತು. ವಿಮಾನದವರು ಸಾಮಾನು ತೂಗುತ್ತಾರೆ. ಸೌದೆ ಡಿಪೋದ ತಕ್ಕಡಿಯಲ್ಲಿ ಪೆಟ್ಟಿಗೆ ಇಟ್ಟು ನೋಡಿದರೆ ಎರಡರಷ್ಟು ಭಾರ. ಏನು ಬಿಡಬೇಕೆಂದು ನಾನು ಯೋಚಿಸುವಷ್ಟರಲ್ಲಿ ಕೆಂಪಮ್ಮ ಬಿಟ್ಟಾಗಿತ್ತು. ರೇಷ್ಮೆ ಸೀರೆಗಳನ್ನು ಗಂಡನ ಕೈಗೆ ಕೊಟ್ಟರು. ನಾನು ಅವರಿಗಾಗಿ ಸಂಪಾದಿಸಿದ್ದ ಲಂಡನ್ನಿನ ದಪ್ಪ ಮಾರ್ಗದರ್ಶಿ ಪುಸ್ತಕ, ಚೂರಿ, ಮುಳ್ಳುಚಮಚ, ಯಾರದೋ ಕೈಕಾಲು ಹಿಡಿದು ತಂದಿದ್ದ ಕೊಡೆ ಎಲ್ಲವೂ ನಮ್ಮ ಜಗಲಿಯ ಮೇಲೆ ಸಾಲಾಗಿ ಕೂತವು. ಹಿಟ್ಟು, ಸಾಂಬ್ರಾಣಿ, ಮುದ್ದೆಕೋಲು ಪೆಟ್ಟಿಗೆ ಸೇರಿದವು. ಪೂನಾ ಮೇಲ್ ಹೊರಟಾಗ ನಾನು ಪ್ಲಾಟ್‌ಫಾರಮ್ಮಿನ ಮೇಲೆ ಓಡುತ್ತಾ, "ತಿಳೀದಿದ್ರೆ ಪೊಲೀಸಿನೋರನ್ನ ಕೇಳಿ!" ಎಂದು ಕೂಗಿದೆ. ಶಾರದ ಸುಮ್ಮನೆ ಅಳುತ್ತಾ ನಿಂತಿದ್ದಳು.

ಕೆಲವು ವಾರಗಳ ಮೇಲೆ ಮುನಿಶಾಮಪ್ಪ ಕೊಬ್ಬರಿ ಸಕ್ಕರೆ ಹಿಡಿದುಕೊಂಡು ಬಂದರು. ಗಂಡು ಮಗು, ಕೆಂಪಮ್ಮ ತಲುಪಿ ಇನ್ನೂ ವಾರ ತುಂಬಿರಲಿಲ್ಲವಂತೆ. ನಾನು ನಡೆಯುವ ನೆಲ ಒಂದು ಗೇಣು ಕೆಳಗೆ ಹೋಯಿತು. ಕಚೇರಿಗೆ ಬಂದವರಿಗೆಲ್ಲ ಈ ಕತೆ ಹೇಳಿದೆ, ಹಲಗೆಯ ಪಾಠವನ್ನೂ ಸೇರಿಸಿ, ಕಾಲುವೆಗೆ ಬಿದ್ದದ್ದನ್ನು ಬಿಟ್ಟು. ಆ ಸಂಭ್ರಮದಲ್ಲೇ ಒಂದು ದಿನ ಶಾರದ, "ಏನೂಂದ್ರೆ, ನಮ್ಮನೆ ಸುದ್ದೀನೂ ಸ್ವಲ್ಪ ಕೇಳ್ತೀರಾ?" ಎಂದಳು. ಅವಳಿಗೆ ಆಗ ಐದು ತಿಂಗಳು. ಕೆಂಪಮ್ಮನಿಗೆ ಅದು ಬಂದ ಎರಡನೆಯ ದಿನವೇ ತಿಳಿದಿತ್ತಂತೆ. ಮ್ಯಾಂಚೆಸ್ಟರಿನ ಮಳೆ ಯಾವ ತಿಂಗಳಲ್ಲಿ ಹೆಚ್ಚು ಎಂದು ನನಗೆ ಬಾಯಿಪಾಠವಾಗಿತ್ತು.

ಯುಗಾದಿಗೆ ಇನ್ನೂ ಹಲವು ದಿನ ಇರುವಾಗ ಕೆಂಪಮ್ಮ ಬಂದಿಳಿದರು. ಗಂಡ ಗಾಡಿ ಕಟ್ಟಿಕೊಂಡು ಸ್ಟೇಷನ್ನಿನ ಮುಂದೆ ಕಾದಿದ್ದರೂ ಅವರು ಪೆಟ್ಟಿಗೆ ಹೊರಿಸಿಕೊಂಡು ನೇರ ನಮ್ಮ ಮನೆಗೆ ನಡೆದು ಬಂದರು. "ಪ್ರಸ್ಥಾನ ಇಟ್ಟ ಮನೆ. ಇಲ್ಲಿ ಬಾಣಂತನ ಮುಗಿಸ್ದೆ ಎಂಗೆ ಊರಿಗೋಗ್ಲಿ?" ಎಂದರು. ಶಾರದ ಅವರ ಹೆಗಲ ಮೇಲೆ ತಲೆಯಿಟ್ಟಳು. ನನ್ನ ಚಾಳಿ ಎಲ್ಲಿ ಹೋಗುತ್ತದೆ? ಲಂಡನ್ ಹೇಗಿತ್ತು, ಅರಮನೆ ನೋಡಿದಿರಾ ಎಂದು ಹಿಂದೆ ಹಿಂದೆ ತಿರುಗಿದೆ.

"ಏನ್ ನೋಡ್ದೆ ಸಾಮಿ? ಅಡುಗೆಮನೆ, ಬಚ್ಚಲುಮನೆ, ಕೂಸು. ನೀವ್ ಯೋಳಿದ್ದೆಲ್ಲ ಅಲ್ಲೆಲ್ಲೋ ಇರ್ಬೇಕು. ಊರೋರು ಕೇಳಿದ್ರೆ ಅದ್ನೇ ಯೋಳ್ತೀನಿ ಬುಡಿ. ಈಗ ಓಗಿ ಅಂಡೆಗೆ ಉರಿ ಹಾಕಿ, ಈ ಮಗಳ್ಗೆ ಎಣ್ಣೆ ತಟ್ಟಿವ್ನಿ."

ಬಚ್ಚಲಿಗೆ ಹೋದೆ. ನೀರು ತುಂಬಿದ ಹಂಡೆ ಇತ್ತು, ಒಲೆ ಇತ್ತು, ಬೆಂಕಿಪೊಟ್ಟಣವೂ ಕೈಯಲ್ಲಿತ್ತು. ಉರಿ ಹತ್ತಿಸಲು ತೆಂಗಿನ ಚಿಪ್ಪು ಬೇಕಿತ್ತು. ನನ್ನದೇ ಮನೆಯಲ್ಲಿ ಅದನ್ನು ಎಲ್ಲಿಡುತ್ತಾರೆಂದು ನನಗೆ ಗೊತ್ತಿರಲಿಲ್ಲ. "ಚಿಪ್ಪು ಎಲ್ಲಿದೆಯೇ?" ಎಂದು ಕೂಗಿ ಕೇಳಿದೆ.

ಒಳಗಿಂದ ಶಾರದಳ ಧ್ವನಿ ಬಂತು, ಬಹಳ ಸಾವಧಾನವಾಗಿ, ಬೆರಳಿಟ್ಟು ತೋರಿಸುವ ಹಾಗೆ: "ಹಿತ್ತಲ ಬಾಗ್ಲಿಂದ ಹೊರಗೆ ಬನ್ನಿ, ಎಡಕ್ಕೆ ತಿರುಗಿ, ನೇರ ಹೋಗಿ. ತಿಳೀದಿದ್ರೆ ಪೊಲೀಸಿನೋರನ್ನ ಕೇಳಿ, ಬಹಳ ಸಭ್ಯರು."

ನಾನು ಎಡಕ್ಕೆ ತಿರುಗಿದೆ. ಚಿಪ್ಪು ಅಲ್ಲೇ ಇತ್ತು.