ಅಲುಗಾಡದವರನ್ನು ಕಾಣದ ಕಣ್ಣಿಗೆ

ಮಾನ್ಯ ಸೆನ್ಸರ್ ಮಹಾಶಯರೇ,

ಚಿತ್ರಕಲಾ ಕಾಲೇಜಿನ ಎರಡನೇ ಮಹಡಿಯ ಹದಿನಾಲ್ಕನೇ ಕೋಣೆಯ ಚಾವಣಿಯಲ್ಲಿ ಹೆಬ್ಬೆರಳಿನಷ್ಟೇ ಗಾತ್ರದಲ್ಲಿ ವಿರಾಜಮಾನರಾಗಿ, ಕೆಳಗೆ ಯಾರಾದರೂ ಅಲುಗಾಡಿದರೆ ದೀಪ ಹಚ್ಚಿ, ಅಲುಗಾಡದಿದ್ದರೆ ಆರಿಸುವ ತಮ್ಮ ಸನ್ನಿಧಾನಕ್ಕೆ, ಅದೇ ಕೋಣೆಯಲ್ಲಿ ವರ್ಷದಿಂದ ಚಿತ್ರ ಬರೆಯುತ್ತಿರುವ ಪರದೇಶದ ವಿದ್ಯಾರ್ಥಿನಿಯು ಕೈ ಬೀಸಿ ಮಾಡುವ ನಮಸ್ಕಾರಗಳು. ಕೈ ಮುಗಿಯಬಹುದಿತ್ತು, ಆದರೆ ಮುಗಿದ ಕೈ ತಮಗೆ ಕಾಣುವುದಿಲ್ಲ.

ತಾವು ಕ್ಷೇಮವೆಂದು ಬಲ್ಲೆ. ನಾನು ಇದ್ದೇನೆ. ಇಷ್ಟನ್ನು ತಿಳಿಸುವುದೇ ಈ ಪತ್ರದ ಉದ್ದೇಶ.

ಚಿತ್ರ ಬರೆಯುವವರು ಕುಂಚ ಆಡಿಸುವುದಕ್ಕಿಂತ ಸುಮ್ಮನೆ ನೋಡುತ್ತ ಕೂರುವುದೇ ಹೆಚ್ಚು ಎಂಬ ಸಂಗತಿ ತಮ್ಮನ್ನು ಇಲ್ಲಿ ಕೂರಿಸಿದ ಕಾಲೇಜಿನವರಿಗೇ ಗೊತ್ತಿಲ್ಲದಿರುವಾಗ, ತಮ್ಮನ್ನು ದೂರುವುದು ನ್ಯಾಯವಲ್ಲ. ಆದರೂ ಆ ಕಿಟಕಿಯಿಲ್ಲದ ಕೋಣೆಯಲ್ಲಿ ನಾನು ಗುಂಡುಕಲ್ಲಿನ ಹಾಗೆ ಕೂತು, ಅಮ್ಮನ ಕೆನ್ನೆಗೆ ಯಾವ ಬಣ್ಣವೆಂದು ಯೋಚಿಸುತ್ತಿರುವಾಗಲೇ, ನಾಲ್ಕು ನಿಮಿಷಕ್ಕೊಮ್ಮೆ ಇಲ್ಲಿ ಯಾರೂ ಇಲ್ಲವೆಂದು ತೀರ್ಪು ಕೊಟ್ಟು ಕತ್ತಲು ಮಾಡುವ ತಮ್ಮ ದಕ್ಷತೆಗೆ ತಲೆದೂಗದೆ ವಿಧಿಯಿಲ್ಲ. ತಲೆದೂಗಿದರೆ ದೀಪವೂ ಹತ್ತುತ್ತದೆ.

ಅಮ್ಮ ಬಟ್ಟೆ ಹೊಲಿಯುವವಳು. ಕೂತಲ್ಲೇ ಕೈಕಾಲು ಎರಡನ್ನೂ ಓಡಿಸುವವಳು. ಅವಳು ಸ್ತಬ್ಧಳಾಗುವುದು ಸೂಜಿಗೆ ದಾರ ಪೋಣಿಸುವಾಗ ಮಾತ್ರ, ಆಗ ಉಸಿರನ್ನೂ ಬಿಡುವುದಿಲ್ಲ. ನಾನು ಬರೆಯಲು ಹೊರಟಿದ್ದು ಆ ಗಳಿಗೆಯನ್ನು. ಅದಕ್ಕಾಗಿ, ನಾನು ಇಲ್ಲಿಗೆ ಹೊರಡುವ ಮುಂಚೆ, ಹನ್ನೊಂದು ಭಾನುವಾರ ಅವಳು ತುರ್ತಾಗಿ ಕೊಡಬೇಕಾದ ಬಟ್ಟೆಗಳನ್ನೆಲ್ಲ ಬದಿಗಿಟ್ಟು ಸೂಜಿ ಎತ್ತಿ ಹಿಡಿದು ಕೂತಿದ್ದಳು. "ಬೇಗ ಬರಿಯೇ, ಕೈ ಜೋಮು ಹಿಡೀತು" ಎಂದು ಗೊಣಗಿದಳೇ ಹೊರತು ಕೈ ಇಳಿಸಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳಿ ಬೆಳೆದವಳು ನಾನು. ತಮ್ಮ ಪ್ರಕಾರ ತುಳುಕದ್ದು ಕೊಡವೇ ಅಲ್ಲ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ತಾವು ದೀಪ ಆರಿಸಿದ್ದನ್ನೆಲ್ಲ ಕಚೇರಿಗೆ ಚಾಡಿ ಹೇಳುತ್ತೀರೆಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಕೋಣೆ ಬಹುತೇಕ ಖಾಲಿ ಇರುತ್ತದೆ, ತಿಂಗಳೊಳಗೆ ಸುಧಾರಿಸದಿದ್ದರೆ ಅದನ್ನು ಬೇರೆಯವರಿಗೆ ಕೊಡಲಾಗುವುದು, ಕೋಣೆಯಿಲ್ಲದವರು ಅಂತಿಮ ಪರೀಕ್ಷೆಗೆ ಅರ್ಹರಲ್ಲ ಎಂದು ಕಚೇರಿಯಿಂದ ಪತ್ರ ಬಂತು. ಪರೀಕ್ಷೆ ತಪ್ಪಿದರೆ ಗಂಟುಮೂಟೆ ಕಟ್ಟಬೇಕು. ದಿನವಿಡೀ ಅಲ್ಲೇ ಇರುತ್ತೇನೆಂದು ಹೋಗಿ ಹೇಳಿದೆ. ಗುಮಾಸ್ತೆ ಬಹಳ ಸೌಜನ್ಯದಿಂದ ಕಂಪ್ಯೂಟರ್ ನೋಡಿ, ಇದರಲ್ಲಿ ಹಾಗೆ ಕಾಣುತ್ತಿಲ್ಲವಲ್ಲ ಎಂದರು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ; ಹತ್ತಿರ ಬಂದ ನಾನು ಬೆಟ್ಟದ ಕಣ್ಣಿಗೇ ಬೀಳಲಿಲ್ಲ.

ಕೊನೆಗೆ, ಅಮ್ಮ ನನ್ನ ಬಟ್ಟೆಗಳಿಗೆ ಸುತ್ತಿ ಕಳಿಸಿದ್ದ ಕೆಂಪು ಲೈನಿಂಗ್ ಬಟ್ಟೆಯ ಪಟ್ಟಿಯೊಂದನ್ನು ಟೇಬಲ್ ಫ್ಯಾನಿಗೆ ಕಟ್ಟಿ ತಮ್ಮ ಎದುರಿಗೆ ಹಾರಲು ಬಿಟ್ಟೆ. ಅದು ಪಟಪಟ ಬಡಿದುಕೊಂಡಿತು, ದೀಪ ಆರದೆ ಉರಿಯಿತು, ನನ್ನ ಶ್ರದ್ಧೆಯನ್ನು ಮೆಚ್ಚಿ ಕಚೇರಿ ಅಭಿನಂದನೆ ಕಳಿಸಿತು. ನಾನು ಚಿತ್ರ ಮುಗಿಸಿದೆ.

ಪರೀಕ್ಷೆಯ ದಿನ, ಕತ್ತಲಾದೀತೆಂಬ ಭಯಕ್ಕೆ ಫ್ಯಾನು ನಿಲ್ಲಿಸಿರಲಿಲ್ಲ. ಮೂವರು ಪರೀಕ್ಷಕರು ಬಂದವರೇ ಆ ಪಟ್ಟಿಯ ಸುತ್ತ ನಿಂತು, ವಲಸೆಯೆಂದೂ ಬಾವುಟವೆಂದೂ ಮುಕ್ಕಾಲು ಗಂಟೆ ಚರ್ಚಿಸಿದರು. ಗೋಡೆಯ ಮೇಲೆ ಉಸಿರು ಬಿಗಿಹಿಡಿದಿದ್ದ ಅಮ್ಮನತ್ತ ಹಿರಿಯ ಪರೀಕ್ಷಕರು ಒಮ್ಮೆ ತಿರುಗಿ, ಇದೂ ಇಲ್ಲೇ ಇರುತ್ತದೆಯೇ ಎಂದು ವಿಚಾರಿಸಿದರು. ಆ ಪಟ್ಟಿ ಕಲಾಕೃತಿಯಲ್ಲ, ದೀಪ ಆರದಿರಲೆಂದು ಕಟ್ಟಿದ್ದು ಎನ್ನಲು ಬಾಯಿ ತೆರೆದೆ. ಗಂಟುಮೂಟೆಯ ನೆನಪಾಗಿ ಮುಚ್ಚಿಕೊಂಡೆ. ಮೊದಲ ದರ್ಜೆ ಬಂತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಆದ್ದರಿಂದ ತಾವು ಕೂಡಲೇ ವಿಭಾಗದ ಮುಖ್ಯಸ್ಥರ ಹುದ್ದೆಯನ್ನು ಅಲಂಕರಿಸಬೇಕೆಂದು ಬೇಡುತ್ತೇನೆ. ಅಲ್ಲಿರುವವರು ನೋಡುವುದೂ ತಮ್ಮಂತೆಯೇ; ತಾವಾದರೆ ಭಾಷಣ ಮಾಡುವುದಿಲ್ಲ. ಅದಾಗದಿದ್ದರೆ, ಉಸಿರು ಬಿಗಿಹಿಡಿದು ಕೂತವರನ್ನೂ ಇದ್ದಾರೆಂದು ಒಪ್ಪಿಕೊಳ್ಳುವುದನ್ನು ದಯವಿಟ್ಟು ಅಭ್ಯಾಸ ಮಾಡಿಕೊಳ್ಳಬೇಕು.

ತಮ್ಮ ವಿಶ್ವಾಸಿ,
ಹದಿನಾಲ್ಕನೇ ಕೋಣೆಯಲ್ಲಿ ಇದ್ದೂ ಇಲ್ಲದವಳು

ಮರೆತ ಮಾತು: ಪಟ್ಟಿಯನ್ನೂ ಫ್ಯಾನನ್ನೂ ಕಾಲೇಜಿನವರು ಪ್ರದರ್ಶನಕ್ಕೆ ಒಯ್ದ ದಿನವೇ ಅಮ್ಮನ ಫೋನು ಬಂತು. "ನನ್ನ ಚಿತ್ರನ ನಿಂತು ನೋಡಿದ್ರೇನೇ?" ಎಂದಳು. ಮುಕ್ಕಾಲು ಗಂಟೆ ನಿಂತಿದ್ದರು ಎಂದೆ. "ಹಾಗಾದ್ರೆ ಕೈ ನೋಯಿಸ್ಕೊಂಡಿದ್ದು ದಂಡ ಆಗ್ಲಿಲ್ಲ ಬಿಡು" ಎಂದಳು. ನಾನು ಫೋನು ಹಿಡಿದು ಅಲುಗದೆ ಕೂತಿದ್ದೆ. ತಾವು ಎಂದಿನಂತೆ ದೀಪ ಆರಿಸಿದಿರಿ. ಅದೊಂದು ಸಲ ಮಾತ್ರ ಉಪಕಾರವಾಯಿತು.